ಕೀಲ್ ಬಂದರಿಗೆ ಹೋದ ಬೂಟು

ಹೆಸಲ್ ರೋಡಿನಲ್ಲಿ ಗಂಡಸು ಸಮುದ್ರಕ್ಕೆ ಹೊರಟ ದಿನ ಮನೆಯ ಹೆಂಗಸು ಬಟ್ಟೆ ಒಗೆಯುವುದಿಲ್ಲ. ಒಗೆದರೆ ನೀರು ಆ ಬಟ್ಟೆಯ ಒಡೆಯನನ್ನು ಹುಡುಕಿಕೊಂಡು ಹೋಗುತ್ತದೆ. ಹೊಸ್ತಿಲಲ್ಲಿ ನಿಂತು ಕೈ ಬೀಸುವುದೂ ಇಲ್ಲ. ಬೀಸಿದ ಕೈ ಅಲೆಯನ್ನು ಕರೆಯುತ್ತದೆ. ಇಂಗ್ಲೆಂಡಿನ ಹಲ್ ಪಟ್ಟಣದ ಬೇರೆ ಬೀದಿಗಳವರು ಇದನ್ನು ಕೇಳಿ ನಗುತ್ತಾರೆ. ನಗಲಿ. ಅವರ ಗಂಡಸರು ಸಂಜೆಯಾದರೆ ಟ್ರಾಮು ಹತ್ತಿ ಮನೆಗೆ ಬರುತ್ತಾರೆ.

ಹಿಲ್ಡಾ ಬ್ಲೆಂಕಿನ್ ಈ ಬೀದಿಯಲ್ಲೇ ಹುಟ್ಟಿದವಳು. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಮೀನಿಗೆ ಹೊಗೆ ಹಾಕುವ ಮನೆಯಲ್ಲಿ ಕೆಲಸಕ್ಕೆ ಸೇರಿದಳು. ಹೆರಿಂಗ್ ಮೀನನ್ನು ಬೆನ್ನು ಸೀಳಿ, ಉಪ್ಪುನೀರಿಗೆ ಹಾಕಿ, ಕೊಕ್ಕೆಗೆ ಸಿಕ್ಕಿಸಿ ಓಕ್ ಮರದ ಹೊಟ್ಟಿನ ಹೊಗೆಯಲ್ಲಿ ತೂಗುಬಿಡುವ ಕೆಲಸ. ಮದುವೆಯಾದದ್ದು ವಾಲ್ಟರ್ ಎಂಬ ಮೀನು ಹಡಗಿನವನನ್ನು. ಅವನ ಹಡಗು ಶನಿವಾರ ಹೊರಡಬೇಕಾಗಿತ್ತು. ಒಡೆಯರು ಶುಕ್ರವಾರವೇ ಹೊರಡಿಸಿದರು. ಬೆಳಗಿನ ಜಾವ ಬಾಗಿಲು ತಟ್ಟಿ ಕರೆದಾಗ ವಾಲ್ಟರನ ಉಣ್ಣೆಯ ಜರ್ಸಿ ತೊಟ್ಟಿಯಲ್ಲಿ ನೆನೆಯುತ್ತಿತ್ತು.

"ನೆನೆಸಿದ್ದೀಯ ಅಷ್ಟೆ, ಒಗೆದಿಲ್ಲವಲ್ಲ. ಬಿಡು" ಎಂದು ನಕ್ಕು ಅವನು ಹೋದ.

ಐಸ್‌ಲೆಂಡಿನ ಆಚೆ ಹಡಗು ಮುಳುಗಿತು. ಒಬ್ಬನೂ ತಿರುಗಿ ಬರಲಿಲ್ಲ. ಬೀದಿಯ ಹೆಂಗಸರು ಹಿಲ್ಡಾಳ ಮುಖದೆದುರು ಏನೂ ಅನ್ನಲಿಲ್ಲ. ಅವಳ ಹಿತ್ತಲ ತೊಟ್ಟಿಯನ್ನು ಒಮ್ಮೆ ನೋಡಿ ಹೋಗುತ್ತಿದ್ದರು. ಆಗ ಅವಳು ಬಸುರಿ. ಹುಟ್ಟಿದ ಮಗುವಿಗೆ ಐವಿ ಎಂದು ಹೆಸರಿಟ್ಟಳು. ಹೊಗೆಮನೆಯ ಕೆಲಸಕ್ಕೆ ಮತ್ತೆ ಹೋದಳು; ಮಗುವನ್ನು ತಾಯಿ ಆಡಾ ನೋಡಿಕೊಂಡಳು.

ಯುದ್ಧ ಬಂದ ಮೂರನೆಯ ಬೇಸಿಗೆಯ ಹೊಸ್ತಿಲಲ್ಲಿ ಜರ್ಮನ್ ವಿಮಾನಗಳು ಹಲ್ ಬಂದರನ್ನು ಸುಟ್ಟವು. ಬಂದರಿನ ಜೊತೆ ಬೀದಿಗಳನ್ನೂ ಸುಟ್ಟವು. ಹಿಲ್ಡಾ ಪಾಳಿ ಮುಗಿಸಿ ಬಂದಾಗ ಬಾಂಬು ಬೀಳುವಾಗ ಜನ ಅಡಗಲೆಂದು ಬೀದಿಯ ತುದಿಯಲ್ಲಿ ಕಟ್ಟಿದ್ದ ಇಟ್ಟಿಗೆಯ ಆಸರೆ ಇರಲಿಲ್ಲ. ಅದರೊಳಗಿದ್ದ ಆಡಾ ಮತ್ತು ಐವಿಯೂ ಇರಲಿಲ್ಲ. ಮನೆಯೂ ಇರಲಿಲ್ಲ. ಉಳಿದದ್ದು ಒಂದೇ. ಐವಿಯ ಕೆಂಪು ಬೂಟಿನ ಜೋಡಿ ಅಟ್ಟೆ ಹಾಕಿಸಲು ಬೀದಿಯ ಚಮ್ಮಾರನ ಬಳಿ ಇತ್ತು. ಅವನ ಅಂಗಡಿಯ ಗಾಜು ಮಾತ್ರ ಒಡೆದಿತ್ತು. ಹಿಲ್ಡಾ ಹೋಗಿ ಬೂಟುಗಳನ್ನು ತಂದಳು. ಹೊಸ ಅಟ್ಟೆ ಹಾಕಿ ಆಗಿತ್ತು.

ಅವಳು ಅತ್ತದ್ದನ್ನು ಯಾರೂ ಕಂಡಿಲ್ಲ. ವಾಯುಪಡೆಯ ಹೆಂಗಸರ ದಳಕ್ಕೆ ಆಳು ತೆಗೆದುಕೊಳ್ಳುವ ಕಚೇರಿಗೆ ಹೋಗಿ, ಮೇಜಿನ ಹಿಂದಿದ್ದ ಹೆಂಗಸನ್ನು ಕೇಳಿದಳು:

"ಕೋವಿ ಕೊಡ್ತೀರಾ?"

"ಹೆಂಗಸರಿಗೆ ಕೋವಿ ಇಲ್ಲಮ್ಮ. ಅಡುಗೆ ಕೆಲಸ ಇದೆ. ಟ್ರ್ಯಾಕ್ಟರ್ ಓಡಿಸೋ ಕೆಲಸ ಇದೆ."

"ಆ ಟ್ರ್ಯಾಕ್ಟರು ಏನನ್ನ ಎಳೆಯುತ್ತೆ?"

"ಬಾಂಬಿನ ಬಂಡಿನ."

"ಅದನ್ನ ಕೊಡಿ."

ಹೀಗೆ ಹಿಲ್ಡಾ ಯಾರ್ಕ್‌ಷೈರಿನ ಬಯಲಿನ ಸ್ಕೆಲ್ಬಿ ವಿಮಾನ ನೆಲೆಗೆ ಬಂದಳು. ನಾಲ್ಕು ಎಂಜಿನ್ನಿನ ಹ್ಯಾಲಿಫ್ಯಾಕ್ಸ್ ವಿಮಾನಗಳು ಅಲ್ಲಿದ್ದವು. ಕಾಡಿನಂಚಿನ ಬಾಂಬಿನ ಉಗ್ರಾಣದಿಂದ ಬಂಡಿಗಳನ್ನು ಎಳೆದು ವಿಮಾನದ ಹೊಟ್ಟೆಯ ಕೆಳಗೆ ತಂದು ನಿಲ್ಲಿಸುವುದು ಅವಳ ಕೆಲಸ. ಅವಳ ಮೇಲಿನವನು ಸಾರ್ಜೆಂಟ್ ಆಕಲ್‌ಟನ್, ಸದಾ ಹಲ್ಲುನೋವಿನವನಂತೆ ಮುಖ ಮಾಡಿಕೊಂಡಿರುವ ಮನುಷ್ಯ.

"ಬ್ಲೆಂಕಿನ್, ನಿಧಾನ! ಎಳೀತಿರೋದು ಆಲೂಗಡ್ಡೆ ಅಲ್ಲ."

"ಆಲೂಗಡ್ಡೆ ಆಗಿದ್ರೆ ನಾನು ಬರ್ತಾನೇ ಇರ್ಲಿಲ್ಲ ಸಾರ್ಜೆಂಟ್."

ನ್ಯಾನ್ ಎಂದು ಕರೆಯುವ ವಿಮಾನದ ಏಳು ಜನ ಅವಳನ್ನು ಬ್ಲೆಂಕಿನಮ್ಮ ಅನ್ನುತ್ತಿದ್ದರು. ಅವಳಿಗಿನ್ನೂ ಮೂವತ್ತನಾಲ್ಕು, ಅವರಿಗೆ ಇಪ್ಪತ್ತು ಇಪ್ಪತ್ತೊಂದು. ಅವರ ಅಂಗಿಗಳನ್ನು ಅವಳೇ ಒಗೆದು ಕೊಡುತ್ತಿದ್ದಳು. ವಿಮಾನ ಓಡಿಸುವ ನಾಯಕ ಕ್ಲ್ಯಾರಿ ಡಫೀಲ್ಡ್ ಆಸ್ಟ್ರೇಲಿಯಾದ ಜೀಲಾಂಗಿನವನು. ಅವನ ತಾಯಿ ಕಳಿಸಿದ ಪೀಚ್ ಹಣ್ಣಿನ ಡಬ್ಬಿಗಳಲ್ಲಿ ಒಂದು ಹಿಲ್ಡಾಳಿಗೆ ಬರುತ್ತಿತ್ತು. ಎಲ್ಲ ಅಂಗಿಯೂ ಒಂದೇ ನೀಲಿ. ಗುರಿಗಾರ ಸಿರಿಲ್ ಟ್ರಾನ್ಮರ್‌ನ ಅಂಗಿಗೆ ಮಾತ್ರ ಅವನ ಅಕ್ಕ ಬೆನ್ನಿನ ಮೇಲೆ ದಿಂಬಿನ ಪಟ್ಟೆ ಬಟ್ಟೆಯ ತೇಪೆ ಹಾಕಿದ್ದಳು. ಅದು ಬಯಲಿನ ಆ ತುದಿಯಿಂದಲೂ ಕಾಣುತ್ತಿತ್ತು. ಗುರಿಗಾರನೆಂದರೆ ವಿಮಾನದ ಮೂಗಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ಕೆಳಗೆ ನೋಡಿ, ಬಾಂಬು ಬಿಡುವ ಗುಂಡಿ ಒತ್ತುವವನು.

ಬಾಂಬು ಮೊದಲು ಅಲುಗುವುದು, ಮನುಷ್ಯ ಆಮೇಲೆ. ಹೀಗಾಗಿ ಇವತ್ತು ವಿಮಾನ ಹಾರುತ್ತದೆಯೇ ಇಲ್ಲವೇ ಎಂಬುದು ಹಾರುವವರಿಗಿಂತ ಮೊದಲು ಹಿಲ್ಡಾಳಿಗೆ ತಿಳಿಯುತ್ತಿತ್ತು. ಹಾರುವ ದಿನ ಅವಳು ಒಂದು ಕಾಲುಚೀಲವನ್ನೂ ನೀರಿಗೆ ಅದ್ದುತ್ತಿರಲಿಲ್ಲ.

"ಬ್ಲೆಂಕಿನಮ್ಮನ ಬಟ್ಟೆ ಹಗ್ಗ ಖಾಲಿ ಇದೆ ಕಣ್ರೋ, ಹೊಟ್ಟೆ ತುಂಬ ತಿಂದ್ಕೊಳ್ಳಿ" ಎಂದು ಕ್ಲ್ಯಾರಿ ಉಳಿದವರಿಗೆ ಹೇಳುತ್ತಿದ್ದ. ಅವನಿಗೆ ನಂಬಿಕೆಯಿತ್ತು. ವಿಮಾನ ಹತ್ತುವ ಮೊದಲು ಹಿಂದಿನ ಚಕ್ರಕ್ಕೆ ಉಚ್ಚೆ ಹೊಯ್ಯದೆ ಹೊರಡದ ಜನ ಅವರು. ಬಟ್ಟೆಯ ವಿಷಯಕ್ಕೆ ನಗಲು ಅವರಿಗೆ ಬಾಯಿರಲಿಲ್ಲ. ಬೇರೆ ಹೆಂಗಸರು ವಿಮಾನ ಓಡಿ ಮೇಲೇಳುವ ದಾರಿಯ ಬದಿಗೆ ನಿಂತು ಕೈ ಬೀಸುವಾಗ ಹಿಲ್ಡಾ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು.

ಅವಳಿಗೆ ಬೇಕಾಗಿದ್ದದ್ದು ಜರ್ಮನಿಯ ಕೀಲ್. ಬರ್ಲಿನ್ ಅಲ್ಲ, ಇನ್ನೊಂದಲ್ಲ. ಕೀಲ್ ಬಂದರು. ಹೊಗೆಮನೆಯಲ್ಲಿದ್ದಾಗ ಅಲ್ಲಿಂದ ಮರದ ಪೆಟ್ಟಿಗೆಗಳಲ್ಲಿ ಹೊಗೆಯಾಡಿಸಿದ ಸಣ್ಣ ಮೀನು ಬರುತ್ತಿದ್ದದ್ದನ್ನು ನೋಡಿದ್ದಳು. ಅಲ್ಲಿಯೂ ಹಡಗುಕಟ್ಟೆ, ಮೀನು, ಹೊಗೆಮನೆ, ಉಪ್ಪಿನಿಂದ ಬಿರಿದ ಕೈಯ ಹೆಂಗಸರು.

"ಹಾಗಾದ್ರೆ ನಿನ್ನಂಥವರೇ ಅಲ್ವೇ ಹಿಲ್ಡಾ ಅಲ್ಲಿರೋದು?" ಎಂದು ದಳದ ಹೆಂಗಸರು ಮಲಗುವ ಗುಡಿಸಲಿನ ಜೊತೆಗಾತಿ ಮ್ಯಾಜ್ ಕೇಳಿದಳು. ಮ್ಯಾಜ್ ಫೋಟೊ ತೊಳೆಯುವ ಕೋಣೆಯಲ್ಲಿ ಕೆಲಸದವಳು.

"ಹೌದು. ಅವರಿಗೆ ಹೊಗೆ ಹೊಸದಲ್ಲ."

ಮರುವರ್ಷದ ಬೇಸಿಗೆಯಲ್ಲಿ, ತುಂಬಿದ ಪೆಟ್ರೋಲಿನ ತೂಕದಿಂದ ಮೊದಲ ಸಲ ಗುರಿ ಕೀಲ್ ಎಂಬ ಅಂದಾಜು ಸಿಕ್ಕಿದಾಗ ಹಿಲ್ಡಾ ಐವಿಯ ಎಡಗಾಲಿನ ಬೂಟನ್ನು ಜೇಬಿನಲ್ಲಿಟ್ಟು ತಂದಳು. ದೊಡ್ಡ ಬಾಂಬಿನ ಬಾಲದಲ್ಲಿ ತಗಡಿನ ಬಳೆ ಇರುತ್ತದೆ. ಬೂಟನ್ನು ಅದರೊಳಗೆ ಸಿಕ್ಕಿಸಿ ತಂತಿಯಲ್ಲಿ ಬಿಗಿದಳು. ಸೀಮೆಸುಣ್ಣದಲ್ಲಿ ಬಾಂಬಿನ ಮೇಲೆ ಏನೇನೋ ಬರೆಯುವುದು ಎಲ್ಲರಿಗೂ ರೂಢಿ. ಬೂಟು ಕಟ್ಟಿದ್ದನ್ನು ಮಾತ್ರ ಯಾರೂ ಹಿಂದೆ ಕಂಡಿರಲಿಲ್ಲ.

"ಏನದು?" ಎಂದ ಆಕಲ್‌ಟನ್.

"ನನ್ನ ಮಗಳದ್ದು."

ಸಾರ್ಜೆಂಟ್ ಬಹಳ ಹೊತ್ತು ಬಾಂಬಿನ ಮೂಗನ್ನೇ ಪರೀಕ್ಷಿಸಿದ. ಬಾಲದ ಕಡೆ ಬರಲೇ ಇಲ್ಲ.

ಕ್ಲ್ಯಾರಿ ಬಂದು ನೋಡಿದ. ಟೋಪಿ ತೆಗೆದ. "ಬ್ಲೆಂಕಿನಮ್ಮ, ಇದನ್ನ ಹಡಗುಕಟ್ಟೆ ಮಧ್ಯಕ್ಕೆ ಹಾಕಿ ಬರ್ತೀವಿ. ನಾನು ಮಾತು ಕೊಟ್ಟೆ. ಏನೋ ಸಿರಿಲ್?"

"ಹ್ಞೂ" ಎಂದ ಸಿರಿಲ್. ಅವನ ಕಣ್ಣು ಬೂಟಿನ ಮೇಲಿತ್ತು.

ಏಳೂ ಜನ ಹಿಂದಿರುಗಿದರು. ಕಟ್ಟೆಯ ಮೇಲೆ ಬಿತ್ತು, ಬೆಂಕಿ ಎದ್ದದ್ದನ್ನು ಕಂಡೆ ಎಂದು ಸಿರಿಲ್ ಅಧಿಕಾರಿಗಳಿಗೆ ವರದಿ ಕೊಟ್ಟ. ಮಧ್ಯಾಹ್ನ ಮ್ಯಾಜ್ ಊಟದ ಮನೆಗೆ ಬಂದು ಹಿಲ್ಡಾಳ ಎದುರು ಕೂತಳು, ತಟ್ಟೆ ತರಲಿಲ್ಲ. ಬಾಂಬು ಬಿದ್ದ ಜಾಗದ ಫೋಟೊವನ್ನು ವಿಮಾನವೇ ತೆಗೆದುಕೊಳ್ಳುತ್ತದೆ. ಅದು ಯಾರ ಮಾತನ್ನೂ ಕೇಳುವುದಿಲ್ಲ.

"ನೀರು, ಹಿಲ್ಡಾ."

"ಏನು ನೀರು?"

"ನ್ಯಾನಿನ ಫೋಟೊದಲ್ಲಿ ಬರೀ ನೀರಿದೆ. ದಡ ಕೂಡ ಇಲ್ಲ. ದಡ ಸಿಗೋಕೆ ಮುಂಚೇನೇ ಬಿಟ್ಟಿದ್ದಾನೆ."

ಹಿಲ್ಡಾ ತಟ್ಟೆಯಲ್ಲಿದ್ದುದನ್ನು ಪೂರ್ತಿ ತಿಂದಳು. ಆಮೇಲೆ ಹೋಗಿ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದ ಸಿರಿಲ್‌ನ ಎದುರು ನಿಂತಳು.

"ಎಲ್ಲಿ ಹಾಕ್ದೆ?"

ಅವನು ಸುಳ್ಳು ಹೇಳಲು ಬಾಯಿ ತೆರೆದು, ಅವಳ ಮುಖ ನೋಡಿ ಮುಚ್ಚಿದ. "ಕೆಳಗೆ ಮಕ್ಕಳಿರ್ತಾರೆ ಬ್ಲೆಂಕಿನಮ್ಮ."

"ಇಲ್ಲೂ ಇದ್ಲು. ನಿನ್ನ ಕನಿಕರ ಗುಂಡು ಹಾರೋ ಸದ್ದು ಕೇಳಿದ ಕೂಡ್ಲೇ ಹುಟ್ಟುತ್ತಾ? ಹಾಸಿಗೇಲಿ ಮಲಗಿದ್ದಾಗ ಹುಟ್ಟಲ್ವಾ?"

ಸಿರಿಲ್ ಪಂಪನ್ನು ಕೆಳಗಿಟ್ಟ. "ಹೆದರಿಕೆ ಆಯ್ತು. ಅಷ್ಟೇ. ಕೈ ತಾನಾಗೇ ಒತ್ತಿಬಿಡ್ತು. ಕ್ಲ್ಯಾರಿಗೆ ಹೇಳ್ಬೇಡಿ."

"ಕ್ಲ್ಯಾರಿಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ? ಇಡೀ ವಿಮಾನ ಓಡಿಸೋನಿಗೆ ಅದರ ಹೊಟ್ಟೆ ಯಾವಾಗ ಹಗುರ ಆಯ್ತು ಅಂತ ಗೊತ್ತಿರಲ್ವಾ? ಮಾನಸ್ಥ, ಬಾಯಿ ಮುಚ್ಕೊಂಡಿದ್ದಾನೆ. ಆ ಬೂಟು ಈಗ ಎಲ್ಲಿದೆ ಗೊತ್ತಾ? ಅವಳಪ್ಪ ಇರೋ ಕಡೆ. ನನ್ನ ಮನೇದು ಒಂದೊಂದಾಗಿ ಸಮುದ್ರಕ್ಕೇ ಹೋಗ್ಬೇಕಾ?"

"ಇನ್ನೊಂದು ಬೂಟಿದೆಯಲ್ಲ" ಎಂದ ಸಿರಿಲ್. ಸಮಾಧಾನಕ್ಕೆಂದು ಆಡಿದ ಮಾತು. ಅದಕ್ಕಿಂತ ಕೆಟ್ಟ ಮಾತನ್ನು ಅವನು ಹುಡುಕಿದ್ದರೂ ಸಿಗುತ್ತಿರಲಿಲ್ಲ.

ಆ ಬೇಸಿಗೆಯ ಕೊನೆಯಲ್ಲಿ ಮತ್ತೆ ಅದೇ ತೂಕದ ಪೆಟ್ರೋಲು, ಅದೇ ಜಾತಿಯ ಬಾಂಬು ಬಂತು. ಕೀಲ್ ಇರಬೇಕೆಂದು ಆಕಲ್‌ಟನ್ ಗೊಣಗಿದ. ಹಿಲ್ಡಾ ಬಲಗಾಲಿನ ಬೂಟನ್ನು ಬಾಂಬಿನ ಬಾಲಕ್ಕೆ ಬಿಗಿದಳು. ಬಂಡಿಯನ್ನು ನ್ಯಾನಿನ ಕೆಳಗೆ ಬಿಟ್ಟು, ಟ್ರ್ಯಾಕ್ಟರನ್ನು ನಿಲ್ಲಿಸಿ, ನೇರ ಗುಡಿಸಲಿಗೆ ನಡೆದಳು. ಗೂಟದಲ್ಲಿ ಏಳು ಕೊಳೆ ಅಂಗಿಗಳಿದ್ದವು. ಪಟ್ಟೆ ತೇಪೆಯದನ್ನು ಮಾತ್ರ ತೆಗೆದಳು. ತೊಟ್ಟಿಗೆ ನೀರು ತುಂಬಿದಳು.

ಅರಿಯದೆ ಮಾಡಿದ್ದು ಒಂದು ಸಲ. ಈಗ ಅರಿತೇ ಮಾಡಿದಳು. ಸೋಪು ಹಚ್ಚಿ, ಹಲಗೆಗೆ ಉಜ್ಜಿ, ಮೂರು ನೀರಿನಲ್ಲಿ ಜಾಲಿಸಿ, ಹಿಂಡಿ, ವಿಮಾನದವರನ್ನು ಹೊತ್ತ ಲಾರಿ ಹೋಗುವ ದಾರಿಗೆ ಎದುರಾಗಿ ಹಗ್ಗದ ಮೇಲೆ ಹರವಿದಳು. ಬೆನ್ನಿನ ತೇಪೆ ದಾರಿಯ ಕಡೆಗಿತ್ತು.

ಮ್ಯಾಜ್ ಓಡಿ ಬಂದಳು. "ಏನೇ ಇದು? ಇವತ್ತು ಹಾರ್ತಾರೆ!"

"ಗೊತ್ತು."

"ನಿನ್ನ ಬುದ್ಧಿ ನೆಟ್ಟಗಿದೆಯಾ? ಅದೇ ವಿಮಾನದಲ್ಲಿ ಕ್ಲ್ಯಾರಿ ಇದ್ದಾನೆ. ಇನ್ನೂ ಐದು ಜನ ಇದ್ದಾರೆ. ನಿನ್ನ ಬೂಟೂ ಅದರಲ್ಲೇ ಇದೆ!"

ಹಿಲ್ಡಾಳಿಗೆ ಇದು ಹೊಳೆದಿರಲಿಲ್ಲವೆಂದಲ್ಲ. ವಿಮಾನವೂ ಹಡಗಿನಂತೆಯೇ, ಮುಳುಗಿದರೆ ಒಬ್ಬನೇ ಮುಳುಗುವುದಿಲ್ಲ ಎಂಬುದು ಹೆಸಲ್ ರೋಡಿನವಳಿಗೆ ಬೇರೆಯವರು ಕಲಿಸಬೇಕಾದ ಪಾಠವಲ್ಲ. ತೊಟ್ಟಿಯ ಮುಂದೆ ಕೂತಾಗಲೇ ಅವಳು ಸಮುದ್ರದೊಡನೆ ಚೌಕಾಸಿ ಮುಗಿಸಿದ್ದಳು. ಹೋಗುವಾಗ ಬೇಡ, ಬರುವಾಗ. ಮೊದಲು ಬೂಟು ಬೀಳಲಿ. ಆಮೇಲೆ ನಿನ್ನದನ್ನು ನೀನು ತೆಗೆದುಕೋ.

"ಅಂಗಿ ತೆಗಿ" ಎಂದಳು ಮ್ಯಾಜ್.

"ತೆಗೆದ್ರೆ ಒಗೆದದ್ದು ಒಗೆಯದ್ದಾಗುತ್ತಾ?"

ಸಂಜೆ ಬಿಸಿಲು ಇನ್ನೂ ಇತ್ತು. ಲಾರಿ ಬಂತು. ಹಿಂದಿನ ಹಲಗೆಯ ಮೇಲೆ ಏಳು ಜನ ದಪ್ಪ ಬೂಟು ಇಳಿಬಿಟ್ಟು ಕೂತಿದ್ದರು. ಕ್ಲ್ಯಾರಿ ಯಾವುದೋ ಮಾತಿಗೆ ನಗುತ್ತಿದ್ದ. ಸಿರಿಲ್ ಹಗ್ಗದ ಕಡೆ ತಿರುಗಿದ. ಅಂಗಿ ನೋಡಿದ, ಹಿಲ್ಡಾಳನ್ನು ನೋಡಿದ. ಮುಖದ ಬಣ್ಣ ಬದಲಾಗಲಿಲ್ಲ. ಗಣಿತದ ಉತ್ತರ ಸಿಕ್ಕಿದವನಂತೆ ತಲೆಯಾಡಿಸಿದ. ಲಾರಿ ಮುಂದೆ ಹೋಯಿತು. ಹಿಲ್ಡಾ ಬೆನ್ನು ತಿರುಗಿಸಲಿಲ್ಲ. ಬಲಗೈ ಎತ್ತಿ, ಊರ ಹೆಂಗಸರೆಲ್ಲ ಬೀಸುವಂತೆ ಬೀಸಿದಳು.

ಬೆಳಗಾದಾಗ ವಿಮಾನಗಳು ಒಂದೊಂದಾಗಿ ಇಳಿದವು. ಹಿಲ್ಡಾ ಉಗ್ರಾಣದ ಬಾಗಿಲಲ್ಲಿ ಟ್ರ್ಯಾಕ್ಟರಿನ ಮೇಲೆ ಕೂತಿದ್ದಳು. ಆಕಲ್‌ಟನ್ ಬಂದು ಚಕ್ರಕ್ಕೆ ಒರಗಿ ನಿಂತ.

"ನ್ಯಾನ್ ಬಂದಿಲ್ಲ ಬ್ಲೆಂಕಿನ್."

"ಕೀಲ್ ಏನಾಯ್ತು?"

ಸಾರ್ಜೆಂಟ್ ಅವಳನ್ನು ಒಮ್ಮೆ ದಿಟ್ಟಿಸಿದ. "ಉರೀತಿದೆಯಂತೆ. ಚೆನ್ನಾಗಿ ಉರೀತಿದೆಯಂತೆ."

ಮಧ್ಯಾಹ್ನದ ಹೊತ್ತಿಗೆ ಕರಾವಳಿಯ ಬ್ರಿಡ್ಲಿಂಗ್ಟನ್‌ನಿಂದ ಫೋನು ಬಂತು. ಏಡಿ ಹಿಡಿಯುವ ದೋಣಿಯೊಂದು ಸಮುದ್ರದಲ್ಲಿ ರಬ್ಬರ್ ತೆಪ್ಪವನ್ನು ಕಂಡಿತ್ತು. ಅದರೊಳಗೆ ಒಬ್ಬನೇ ಇದ್ದ. ನ್ಯಾನಿನವನು. ಸಿರಿಲ್ ಟ್ರಾನ್ಮರ್.

ಸಮುದ್ರ ಆರು ಒಣ ಅಂಗಿಗಳವರನ್ನು ತೆಗೆದುಕೊಂಡು ಒದ್ದೆ ಅಂಗಿಯವನನ್ನು ಬಿಟ್ಟಿತ್ತು. ಹಿಲ್ಡಾ ಇದನ್ನು ಕೇಳಿ ಟ್ರ್ಯಾಕ್ಟರಿನಿಂದ ಇಳಿಯಲಿಲ್ಲ. ಅವತ್ತಿನ ಬಂಡಿಗಳನ್ನೆಲ್ಲ ಎಳೆದು ಮುಗಿಸಿದಳು.

ಸತ್ತವರ ಸಾಮಾನು ಕಟ್ಟಿ ಮನೆಗಳಿಗೆ ಕಳಿಸುವ ಕಾರ್ಪೊರಲ್ ಗುಡಿಸಲಿಗೆ ಬಂದ. ಗೂಟದ ಮೇಲಿನ ಆರು ಅಂಗಿಗಳನ್ನು ನೋಡಿ ಮೂಗು ಮುರಿದ. "ಕೊಳೇದನ್ನ ತಾಯಂದಿರಿಗೆ ಕಳಿಸೋಕಾಗುತ್ತಾ? ಒಗೀಲೇ ಇಲ್ವಲ್ಲ ನೀನು?"

"ಸೋಮವಾರ ಕೊಡ್ತೀನಿ."

ಸೋಮವಾರ ಆರನ್ನೂ ಒಗೆದಳು. ಮುಳುಗಿದವನ ಅಂಗಿಯನ್ನು ಯಾವ ದಿನ ಒಗೆದರೇನು? ಕ್ಲ್ಯಾರಿಯ ಅಂಗಿಯ ಕತ್ತಿನ ಪಟ್ಟಿಯನ್ನು ಎರಡು ಸಲ ಉಜ್ಜಿದಳು. ಅವನು ಕೊಟ್ಟ ಕೊನೆಯ ಪೀಚ್ ಡಬ್ಬಿ ಮಂಚದ ಕೆಳಗಿತ್ತು. ಅದನ್ನು ಮ್ಯಾಜ್‌ಗೆ ಕೊಟ್ಟಳು. ಮ್ಯಾಜ್ ತೆಗೆದುಕೊಳ್ಳಲಿಲ್ಲ; ಅವಳೊಡನೆ ಮಾತನ್ನೂ ಬಿಟ್ಟಿದ್ದಳು.

ಕೀಲ್ ಬಂದರಿನ ಫೋಟೊಗಳು ಬಂದವು. ಕಟ್ಟೆಗಳು ಮುರಿದಿದ್ದವು, ಗೋದಾಮುಗಳಿಗೆ ಛಾವಣಿ ಇರಲಿಲ್ಲ. ಯಾರ ಬಾಂಬು ಎಲ್ಲಿ ಬಿತ್ತೆಂದು ಅವು ಹೇಳುವುದಿಲ್ಲ. ನ್ಯಾನಿನ ಕ್ಯಾಮೆರಾ ನ್ಯಾನಿನ ಜೊತೆ ನೀರಿನ ತಳದಲ್ಲಿತ್ತು. ಆಸ್ಪತ್ರೆಯಲ್ಲಿ ಕೇಳಿದ ಅಧಿಕಾರಿಗೆ ಸಿರಿಲ್ ಗುರಿಯ ಮೇಲೆ ಬಿತ್ತೆಂದು ಬರೆಸಿದ್ದನಂತೆ. ಮೊದಲ ಸಲವೂ ಹಾಗೆಯೇ ಬರೆಸಿದ್ದ.

ಬೇರೆಯವರ ಪ್ಯಾಂಟು ಕೋಟು ಹಾಕಿಕೊಂಡು, ಗಾಯದ ಎಡಗೈಯನ್ನು ಬಟ್ಟೆಯಲ್ಲಿ ಕೊರಳಿಗೆ ತೂಗುಹಾಕಿಕೊಂಡು, ಅವನು ತನ್ನ ಸಾಮಾನಿಗಾಗಿ ಸ್ಕೆಲ್ಬಿಗೆ ಬಂದ. ಹಿಲ್ಡಾ ಇಸ್ತ್ರಿ ಮಾಡಿ ಮಡಿಚಿಟ್ಟ ಅಂಗಿಯನ್ನು ಕೊಟ್ಟಳು.

"ಯಾವತ್ತು ಒಗೆದ್ರಿ ಬ್ಲೆಂಕಿನಮ್ಮ?"

"ಹಾರೋ ದಿನ."

"ಮರೆತು?"

"ಬೇಕಂತಲೇ."

ಸಿರಿಲ್ ಅಂಗಿಯನ್ನು ತಿರುಗಿಸಿ ತೇಪೆಯನ್ನು ನೋಡಿದ. "ಅದನ್ನ ಕಂಡ ಮೇಲೆ ನನ್ನ ಹೆದರಿಕೆ ಹೋಯ್ತು. ಸಾಯೋದು ಖಾತ್ರಿ ಅಂದಮೇಲೆ ಇನ್ನೇನು ಹೆದರೋದು? ಕೀಲ್ ಮೇಲೆ ಅವರು ಎಷ್ಟು ಗುಂಡು ಹಾರಿಸಿದ್ರೂ ನನ್ನ ಕೈ ನಡುಗ್ಲಿಲ್ಲ. ವಾಪಸ್ ಬರುವಾಗ ಎರಡು ಎಂಜಿನ್ ಹೋಗಿತ್ತು. ಕ್ಲ್ಯಾರಿ ನೀರಿನ ಮೇಲೆ ಇಳಿಸಿದ. ನನ್ನನ್ನ ಮೇಲಿನ ಕಿಂಡಿಯಿಂದ ಆಚೆಗೆ ತಳ್ಳಿದವನು ಅವನೇ. ಅವನು ಬರ್ಲಿಲ್ಲ."

"ಬೂಟು ಬಿತ್ತಾ?"

ಅವನು ಮೊದಲ ಸಲ ಅವಳ ಕಣ್ಣಿಗೆ ಕಣ್ಣು ಕೊಟ್ಟು ನೋಡಿದ. "ಆರು ಜನ ಬ್ಲೆಂಕಿನಮ್ಮ."

"ಕೇಳಿಸ್ತು. ಕಟ್ಟೆ ಮೇಲೆ ಬಿತ್ತಾ, ನೀರಿಗೆ ಬಿತ್ತಾ? ನಡುಗ್ಲಿಲ್ಲ ಅಂದೆಯಲ್ಲ. ಗುರಿ ನೋಡಿ ಬಿಟ್ಟೆ ತಾನೆ?"

"ಎಲ್ಲಿ ಬಿತ್ತು ಅಂತ ನನಗೆ ಗೊತ್ತು. ನನ್ನ ಕಣ್ಣಾರೆ ನೋಡಿದೀನಿ."

"ಹೇಳು."

"ಹೇಳಲ್ಲ."

ಹಿಲ್ಡಾ ಅವನ ಒಳ್ಳೆಯ ತೋಳನ್ನು ಹಿಡಿದಳು. ಮೀನು ಸೀಳಿದ ಕೈ ಅದು, ಹಿಡಿತ ಗಟ್ಟಿ. "ನನ್ನ ಮಗಳದ್ದು ಕಣೋ. ಇರೋದು ಅದೊಂದೇ ಇತ್ತು."

"ನಮ್ಮ ಕ್ಲ್ಯಾರಿನೂ ಒಬ್ಬನೇ ಇದ್ದ." ಸಿರಿಲ್ ತೋಳು ಬಿಡಿಸಿಕೊಂಡ. "ಅವನಿಗೂ ಗೊತ್ತು ಎಲ್ಲಿ ಬಿತ್ತು ಅಂತ. ಅವನನ್ನ ಕೇಳಿ."

ಯುದ್ಧ ಮುಗಿಯಿತು. ಹಿಲ್ಡಾ ಹೆಸಲ್ ರೋಡಿಗೆ ಮರಳಿದಳು, ಹೊಗೆಮನೆಗೂ ಮರಳಿದಳು. ಮತ್ತೆ ಮದುವೆಯಾಗಲಿಲ್ಲ. ಬಟ್ಟೆಯನ್ನು ಸೋಮವಾರ ಬಿಟ್ಟು ಬೇರೆ ದಿನ ಒಗೆಯಲಿಲ್ಲ, ಬೇರೆಯವರದನ್ನು ಎಂದೂ ಮುಟ್ಟಲಿಲ್ಲ. ಬೀದಿಯ ಹೊಸ ಸೊಸೆಯಂದಿರು ಪದ್ಧತಿಯ ಬಗ್ಗೆ ಕೇಳಿದರೆ, "ನೀರಿಗೆ ಕಣ್ಣಿಲ್ಲ, ಅಂಗಿ ಯಾರದ್ದು ಅಂತ ನೋಡಲ್ಲ. ಒಗೀಬೇಡಿ, ಅಷ್ಟೆ" ಅನ್ನುತ್ತಿದ್ದಳು.

ಕೆಲವು ವರ್ಷಗಳ ಮೇಲೆ ಲೀಡ್ಸಿಗೆ ರೈಲು ಹತ್ತಿ ಹೋದಳು. ಸಿರಿಲ್ ಬಟ್ಟೆ ಅಂಗಡಿ ಇಟ್ಟಿದ್ದ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವಳನ್ನು ಕಂಡ ಕೂಡಲೇ ಗುರುತು ಹಿಡಿದ.

"ಬನ್ನಿ ಬ್ಲೆಂಕಿನಮ್ಮ. ಏನು ಕೊಡ್ಲಿ? ಅಂಗಿ ಬಟ್ಟೆ ಹೊಸದು ಬಂದಿದೆ."

"ಬಿತ್ತಾ?"

ಅವನು ಬೇರೊಬ್ಬಳ ಬಟ್ಟೆಯ ಪೊಟ್ಟಣವನ್ನು ದಾರದಿಂದ ಬಿಗಿದು, ಗಂಟು ಹಾಕಿ, ತುದಿ ಕತ್ತರಿಸಿದ. "ಎಳೆ ಗಟ್ಟಿ ಇದೆ. ಎಷ್ಟು ಒಗೆದರೂ ಬಣ್ಣ ಹೋಗಲ್ಲ."

"ನೀನು ಸಾಯೋ ಮುಂಚೆ ನಾನು ಸಾಯಲ್ಲ" ಎಂದಳು ಹಿಲ್ಡಾ, ಎಲ್ಲರಿಗೂ ಕೇಳುವಂತೆ. ರೈಲು ಹತ್ತಿ ಹಿಂದಿರುಗಿದಳು.

ಹೇಳಿದಂತೆಯೇ ಮಾಡಿದಳು. ಸಿರಿಲ್‌ನ ಅಕ್ಕ, ತೇಪೆ ಹಾಕಿದವಳು, ಒಂದು ಚಳಿಗಾಲದಲ್ಲಿ ಹೆಸಲ್ ರೋಡಿಗೆ ಬಂದಳು. ತಮ್ಮ ತೀರಿಕೊಂಡನೆಂದೂ, ಬ್ಲೆಂಕಿನಮ್ಮನಿಗೆ ತಿಳಿಸಬೇಕೆಂದು ಹೇಳಿದ್ದನೆಂದೂ ಹೇಳಿದಳು.

"ಬೇರೆ ಏನಾದ್ರೂ ಹೇಳಿದ್ನಾ?"

"ಕೇಳಿದೆ. ಅಷ್ಟೇ ಹೇಳು, ಇನ್ನೇನೂ ಹೇಳ್ಬೇಡ ಅಂದ. ಯಾವ ವಿಷಯ ಅದು ತಾಯಿ?"

ಹಿಲ್ಡಾ ಕೆಟಲನ್ನು ಒಲೆಯ ಮೇಲಿಟ್ಟಳು. ಕಿಟಕಿಯಾಚೆ ಹಿತ್ತಲಿನ ಹಗ್ಗ ಖಾಲಿಯಿತ್ತು. ಅವತ್ತು ಬೀದಿಯ ನಾಲ್ಕು ಮನೆಯವರ ಹಡಗು ಹೊರಡುವ ದಿನ.

"ಅವನನ್ನ ಹೇಡಿ ಅಂತಿದ್ದೆ ನಾನು" ಎಂದಳು. "ಇಲ್ಲ. ಹಗೆ ಹೇಗೆ ಇಟ್ಕೋಬೇಕು ಅಂತ ನನ್ನ ಹತ್ರ ಕಲಿತ. ಚೆನ್ನಾಗಿ ಕಲಿತ. ಸಕ್ಕರೆ ಎಷ್ಟು ಹಾಕ್ಲಿ?"